ಮಕ್ಕಳು ಚಿಕ್ಕವರಿರುವಾಗ ಪ್ರಯಾಣವೂ ಚಿಕ್ಕದಿರಲಿ

ಯುರೋಪಿನಲ್ಲಿ ಕೆಲಸಕ್ಕೆಂದು ನೆಲೆಸಿದ ನಮ್ಮ ಕಡೆಯ ಸಂಸಾರಗಳು ರಜೆಯಲ್ಲಿ ಊರಿಗೆ ಹೋದಾಗ ಮದುವೆ ಹಾಲ್‌ನಲ್ಲಿ ಎದುರಾಗುವ ಮೊದಲ ಪ್ರಶ್ನೆ, 'ಎಷ್ಟು ದೇಶ ನೋಡಿ ಆಯ್ತು?' ಎರಡು, ಮೂರು ಎಂದರೆ ಕೇಳಿದವರಿಗೆ ಸಮಾಧಾನವಿಲ್ಲ. 'ಅಷ್ಟೇಯಾ? ನಮ್ಮ ಪಕ್ಕದ ಮನೆಯವರು ದುಬೈಯಿಂದ ಹೋಗಿ ಹತ್ತು ದಿನದಲ್ಲಿ ಏಳು ದೇಶ ಮುಗಿಸಿ ಬಂದ್ರು' ಎನ್ನುತ್ತಾರೆ. ಅದೇ ಹಾಲ್‌ನ ಇನ್ನೊಂದು ಮೂಲೆಯಲ್ಲಿ ಕುಳಿತ ಹಿರಿಯರದ್ದು ಬೇರೆಯೇ ಮಾತು. 'ಇಷ್ಟು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಎಂತಕ್ಕೆ ಸುತ್ತುವುದು? ಅವಕ್ಕೆ ನೆನಪಿರ್ತದಾ? ಸ್ವಲ್ಪ ದೊಡ್ಡದಾಗಲಿ, ಮತ್ತೆ ಹೋಗಿ.'

ಎರಡೂ ಪ್ರೀತಿಯ ಮಾತೇ. ಆದರೆ ಎರಡರಲ್ಲೂ ಒಂದು ವಿಷಯ ಬಿಟ್ಟುಹೋಗುತ್ತದೆ. ಚಿಕ್ಕ ಮಕ್ಕಳ ಸಂಸಾರಕ್ಕೆ ಏಳು ದೇಶದ ಓಟವೂ ಬೇಡ, ಮಕ್ಕಳು ದೊಡ್ಡವರಾಗುವವರೆಗೆ ಮನೆಯಲ್ಲೇ ಕೂರುವುದೂ ಬೇಡ. ಹೋಗಬೇಕು, ಈಗಲೇ ಹೋಗಬೇಕು. ಆದರೆ ಚಿಕ್ಕದಾಗಿ ಹೋಗಬೇಕು. ಒಂದು ದಿನ, ಎರಡು ರಾತ್ರಿ, ಹೆಚ್ಚೆಂದರೆ ಮೂರು ರಾತ್ರಿ.

ನಾವಿರುವುದು ಜರ್ಮನಿಯ ಕೊಲೋನ್ ನಗರದ ಹತ್ತಿರ. ಇದು ಐದನೇ ವರ್ಷ. ದೊಡ್ಡವಳಿಗೆ ಐದಾಗುತ್ತಾ ಬಂತು, ಚಿಕ್ಕವನಿಗೆ ಒಂದೂವರೆ. ಮನೆಯವರದ್ದು ಕಂಪೆನಿ ಕೆಲಸ, ವರ್ಷಕ್ಕೆ ಇಂತಿಷ್ಟೇ ರಜೆ. ಅದರಲ್ಲಿ ದೊಡ್ಡ ಪಾಲು ಊರಿಗೆ ಹೋಗಿ ಬರುವುದಕ್ಕೆ ಮೀಸಲು. ಉಳಿದ ಶನಿವಾರ, ಆದಿತ್ಯವಾರಗಳಲ್ಲಿ ನಾವು ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈಗ ಜರ್ಮನಿ, ನೆದರ್‌ಲ್ಯಾಂಡ್ಸ್, ಐರ್ಲೆಂಡ್ ಕಡೆಗೆಲ್ಲ ನಮ್ಮ ಮಕ್ಕಳು ಹೊರಟು ನಿಂತಿದ್ದಾರೆ. ಗಲ್ಫ್‌ನಿಂದ ನೋಡಲು ಬರುವವರೂ ಹೆಚ್ಚಾಗಿದ್ದಾರೆ. ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಆರು ವರ್ಷದ ಗಡುವು

'ದೊಡ್ಡವರಾದ ಮೇಲೆ ಹೋಗಿ' ಎನ್ನುವ ಮಾತು ಇಲ್ಲಿ ಯಾಕೆ ನಡೆಯುವುದಿಲ್ಲ ಎಂದು ಮೊದಲು ಹೇಳಿಬಿಡುತ್ತೇನೆ. ನಾವಿರುವ ರಾಜ್ಯದಲ್ಲಿ ಸೆಪ್ಟೆಂಬರ್ 30ರೊಳಗೆ ಆರು ವರ್ಷ ತುಂಬುವ ಮಗು ಅದೇ ವರ್ಷ ಆಗಸ್ಟಿನಲ್ಲಿ ಶಾಲೆಗೆ ಸೇರಲೇಬೇಕು. ಜರ್ಮನಿಯಲ್ಲಿ ಶಾಲೆ ಕಡ್ಡಾಯ. ಟಿಕೆಟ್ ಅಗ್ಗ ಸಿಗುತ್ತದೆಂದು ರಜೆ ಶುರುವಾಗುವ ಎರಡು ದಿನ ಮೊದಲೇ ಮಗುವನ್ನು ಕರೆದುಕೊಂಡು ಹೊರಟರೆ ದಂಡ ಬೀಳಬಹುದು. ಊರಲ್ಲಿ 'ಟೀಚರ್‌ಗೆ ಒಂದು ಮಾತು ಹೇಳಿ ಬಿಡಿ' ಎಂದಂತೆ ಇಲ್ಲಿ ಆಗುವುದಿಲ್ಲ. ಶಾಲೆ ಶುರುವಾದ ಮೇಲೆ ಎಲ್ಲರಿಗೂ ರಜೆ ಇರುವಾಗಲೇ ನಮಗೂ ರಜೆ. ಆಗ ವಿಮಾನಕ್ಕೂ ಹೊಟೇಲಿಗೂ ದುಪ್ಪಟ್ಟು ಹಣ.

ಇನ್ನೊಂದು ಲೆಕ್ಕವೂ ಉಂಟು. ಜರ್ಮನಿಯ ರೈಲಿನಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಲೋಕಲ್ ರೈಲು, ಬಸ್, ಟ್ರಾಮ್‌ಗಳಲ್ಲಿ ದೇಶವಿಡೀ ನಡೆಯುವ 'ಡಾಯ್ಚ್‌ಲ್ಯಾಂಡ್ ಟಿಕೆಟ್' ಎಂಬ ತಿಂಗಳ ಪಾಸ್ ಉಂಟು. 2023ರ ಮೇ ತಿಂಗಳಲ್ಲಿ ಶುರುವಾದಾಗ ಅದಕ್ಕೆ 49 ಯುರೋ ಇತ್ತು. 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ಏರಿದೆ ಹೌದು. ಆದರೆ ಕೆಲಸಕ್ಕೆ ಹೋಗಲು ಹೇಗೂ ತೆಗೆದುಕೊಳ್ಳುವ ಪಾಸ್ ಅದು, ಅದರಲ್ಲೇ ವಾರಾಂತ್ಯದ ಪ್ರಯಾಣವೂ ಆಗಿಹೋಗುತ್ತದೆ. ವೇಗದ ಐಸಿಇ ರೈಲಿಗೆ ಅದು ನಡೆಯುವುದಿಲ್ಲ ಎನ್ನುವುದನ್ನು ಮಾತ್ರ ಮರೆಯಬೇಡಿ.

ಹಣದ ಮಾತು ಬಂದಾಗ ಮುಚ್ಚುಮರೆ ಯಾಕೆ? ನಮ್ಮಲ್ಲಿ ಹೊರದೇಶಕ್ಕೆ ಬಂದ ಗಂಡುಮಕ್ಕಳ ಹೆಗಲ ಮೇಲೆ ಊರಿನ ಭಾರ ಇದ್ದೇ ಇರುತ್ತದೆ. ಮನೆಗೆ ಸ್ಲ್ಯಾಬ್ ಹಾಕಿ ಆಗಿದೆ, ಸಾರಣೆ ಬಾಕಿ. ತಂಗಿಯ ಮದುವೆಯ ಸಾಲ ಇನ್ನೂ ತೀರಿಲ್ಲ. ಹೀಗಿರುವಾಗ ಸುತ್ತಾಟದ ಫೋಟೋವನ್ನು ಫ್ಯಾಮಿಲಿ ಗ್ರೂಪಿಗೆ ಹಾಕಲು ಕೈ ಹಿಂಜರಿಯುತ್ತದೆ. ಎಷ್ಟೋ ಜನ ಈ ಹಿಂಜರಿಕೆಯಲ್ಲೇ ನಾಲ್ಕೈದು ವರ್ಷ ಕಳೆದು, ಕಾಂಟ್ರಾಕ್ಟ್ ಮುಗಿಸಿ, ಮನೆ ಮತ್ತು ಆಫೀಸ್ ಬಿಟ್ಟು ಬೇರೇನೂ ನೋಡದೆ ವಾಪಸಾದದ್ದನ್ನು ಕಂಡಿದ್ದೇನೆ. ಏಳು ದೇಶದ ಪ್ಯಾಕೇಜಿಗೆ ಲಕ್ಷಗಟ್ಟಲೆ ಬೇಕು, ನಿಜ. ಬುತ್ತಿ ಕಟ್ಟಿಕೊಂಡು ಪಾಸಿನಲ್ಲಿ ಹೋಗಿ ಸಂಜೆಗೆ ಮನೆ ಸೇರುವ ಪ್ರಯಾಣಕ್ಕೆ ಅಷ್ಟೆಲ್ಲ ಬೇಡ. ಊರಿಗೆ ಕಳುಹಿಸುವ ಹಣದಲ್ಲಿ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ.

ಒಂದು ದಿನ: ಆನೆಯ ಊರು ಆಖೆನ್

ಕೊಲೋನ್‌ನಿಂದ ಲೋಕಲ್ ರೈಲಿನಲ್ಲಿ ಒಂದು ಗಂಟೆಯ ದಾರಿ ಆಖೆನ್. ಒಂದು ಬದಿಯಲ್ಲಿ ಬೆಲ್ಜಿಯಂ, ಇನ್ನೊಂದು ಬದಿಯಲ್ಲಿ ನೆದರ್‌ಲ್ಯಾಂಡ್ಸ್. ಯುನೆಸ್ಕೋ 1978ರಲ್ಲಿ ಮೊದಲ ಬಾರಿಗೆ ವಿಶ್ವ ಪಾರಂಪರಿಕ ತಾಣಗಳ ಪಟ್ಟಿ ಮಾಡಿದಾಗ ಅದರಲ್ಲಿದ್ದ 12 ತಾಣಗಳಲ್ಲಿ ಇಲ್ಲಿನ ದೊಡ್ಡ ಚರ್ಚ್ ಕೂಡ ಒಂದು. ಸಾವಿರದ ಇನ್ನೂರು ವರ್ಷಗಳ ಹಿಂದೆ ಯುರೋಪಿನ ದೊಡ್ಡ ಭಾಗವನ್ನು ಆಳಿದ ಶಾರ್ಲಮೇನ್ ಚಕ್ರವರ್ತಿ ಕಟ್ಟಿಸಿದ್ದು. 814ರಲ್ಲಿ ತೀರಿಕೊಂಡಾಗ ಅವನನ್ನು ಅಲ್ಲೇ ಸಮಾಧಿ ಮಾಡಿದರು.

ಐದು ವರ್ಷದ ಮಗುವಿಗೆ ಚಕ್ರವರ್ತಿಯ ಕಥೆ ಬೇಡ. ಆನೆಯ ಕಥೆ ಬೇಕು. ಬಗ್ದಾದಿನ ಖಲೀಫ ಹಾರೂನ್ ರಶೀದ್ ಈ ಶಾರ್ಲಮೇನ್‌ಗೆ ಒಂದು ಆನೆಯನ್ನು ಉಡುಗೊರೆಯಾಗಿ ಕಳುಹಿಸಿದ್ದ. ಅದರ ಹೆಸರು ಅಬುಲ್ ಅಬ್ಬಾಸ್. ಮರುಭೂಮಿ, ಸಮುದ್ರ, ಆಲ್ಪ್ಸ್ ಪರ್ವತ ಎಲ್ಲವನ್ನೂ ದಾಟಿ 802ರಲ್ಲಿ ಅದು ಆಖೆನ್ ತಲುಪಿತು. 810ರವರೆಗೆ ಬದುಕಿತ್ತು. ಆಮೇಲೆ 807ರಲ್ಲಿ ಅದೇ ಖಲೀಫನಿಂದ ಹಿತ್ತಾಳೆಯ ನೀರಿನ ಗಡಿಯಾರವೂ ಬಂತು. ಗಂಟೆಗೊಮ್ಮೆ ಗುಂಡುಗಳು ಬಿದ್ದು ಠಣ್ ಎನ್ನುವ ಗಡಿಯಾರ. ಬಗ್ದಾದಿಗೂ ಈ ಚಳಿಯ ಊರಿಗೂ ಆ ಕಾಲದಲ್ಲೇ ಹೋಗಿ ಬರುವ ಸಂಬಂಧ ಇತ್ತು ಎಂದು ತಿಳಿದಾಗ ನಮಗೇ ಖುಷಿಯಾಯಿತು. ಮಗಳು ಕೇಳಿದ್ದು ಒಂದೇ, 'ಉಮ್ಮಾ, ಆನೆ ಮಲಗ್ತಿದ್ದದ್ದು ಎಲ್ಲಿ?' ಇವತ್ತಿಗೂ ಅವಳಿಗೆ ಆ ಊರು 'ಆನೆಯ ಊರು'.

ಚರ್ಚ್‌ನ ಹತ್ತಿರವೇ ಒಂದು ಗೊಂಬೆ ಕಾರಂಜಿ ಉಂಟು. ಅದರ ಕಂಚಿನ ಗೊಂಬೆಗಳ ಕೈಕಾಲುಗಳನ್ನು ಮಕ್ಕಳು ಮುಟ್ಟಿ, ತಿರುಗಿಸಿ ಆಡಬಹುದು. 'ಮುಟ್ಟಬೇಡ' ಎಂದು ಹೇಳಬೇಕಾಗಿಲ್ಲದ ಜಾಗ ಯುರೋಪಿನಲ್ಲಿ ಸಿಕ್ಕಿದರೆ ಅದೊಂದು ದೊಡ್ಡ ಭಾಗ್ಯ.

ಮಧ್ಯಾಹ್ನದ ಮೇಲೆ ಶಕ್ತಿ ಉಳಿದಿದ್ದರೆ ಗಡಿ ದಾಟಿದ ಕೂಡಲೇ ಸಿಗುವ ವಾಲ್ಸ್ ಎಂಬ ಊರಿನ ಗುಡ್ಡಕ್ಕೆ ಹೋಗಬಹುದು. ಜರ್ಮನಿ, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಮೂರೂ ಸೇರುವ ಬಿಂದು ಅಲ್ಲಿದೆ. ಎತ್ತರ ಸುಮಾರು 322 ಮೀಟರ್. ಯುರೋಪಿನೊಳಗಿನ ನೆದರ್‌ಲ್ಯಾಂಡ್ಸ್‌ಗೆ ಅದೇ ಅತಿ ಎತ್ತರದ ಜಾಗ! ಘಟ್ಟದ ಬುಡದಲ್ಲಿ ಬೆಳೆದ ನಮಗೆ ನಗು ಬರುತ್ತದೆ. ಮಕ್ಕಳು ಒಂದು ಕಲ್ಲಿನ ಸುತ್ತ ಹತ್ತು ಸಲ ಓಡಿ ಹತ್ತು ಸಲ ಮೂರು ದೇಶ ಸುತ್ತಿ ಬಂದರು. ದೇಶಗಳ ಲೆಕ್ಕ ಕೇಳುವವರಿಗೆ ಹೇಳಲು ಒಳ್ಳೆಯ ಉತ್ತರ!

ಎರಡು ರಾತ್ರಿ: ಟ್ರಿಯರ್‌ನಲ್ಲಿ ಮಲಗಿ, ಲಕ್ಸೆಂಬರ್ಗ್ ನೋಡಿ

ಇಬ್ಬರು ಚಿಕ್ಕ ಮಕ್ಕಳೊಂದಿಗೆ ಹೊಟೇಲ್ ಬದಲಿಸುವುದೆಂದರೆ ಮನೆ ಬದಲಿಸಿದ ಹಾಗೆ. ಆದ್ದರಿಂದ ಎರಡು ರಾತ್ರಿಗೆ ಒಂದೇ ಕೋಣೆ, ಒಂದೇ ಊರು. ಟ್ರಿಯರ್ ಅದಕ್ಕೆ ಹೇಳಿ ಮಾಡಿಸಿದ ಊರು. ರೋಮನ್ನರ ಕಾಲದ 'ಪೋರ್ಟಾ ನೀಗ್ರಾ' ಎಂಬ ಕಪ್ಪು ಕಲ್ಲಿನ ದೊಡ್ಡ ಬಾಗಿಲು ರಸ್ತೆಯಲ್ಲೇ ನಿಂತಿದೆ. ಅದನ್ನು ಕಟ್ಟಿ 1,800 ವರ್ಷಕ್ಕಿಂತ ಹೆಚ್ಚಾಯಿತು. ಕಾರ್ಲ್ ಮಾರ್ಕ್ಸ್ 1818ರಲ್ಲಿ ಹುಟ್ಟಿದ್ದು ಈ ಊರಿನಲ್ಲೇ. ನಡೆದೇ ಎಲ್ಲ ನೋಡಿ ಮುಗಿಸಬಹುದು.

ಅಲ್ಲಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ ಲಕ್ಸೆಂಬರ್ಗ್. ಶ್ರೀಮಂತ ದೇಶ, ಕೋಣೆಯ ಬಾಡಿಗೆಯೂ ಹಾಗೆಯೇ. ಹಾಗಾಗಿ ರಾತ್ರಿಗೆ ಟ್ರಿಯರ್, ಹಗಲಿಗೆ ಲಕ್ಸೆಂಬರ್ಗ್. ಆ ದೇಶದಲ್ಲಿ ಇನ್ನೊಂದು ಆಶ್ಚರ್ಯ ಉಂಟು. 2020ರ ಫೆಬ್ರವರಿ ಕೊನೆಯಿಂದ ದೇಶದೊಳಗಿನ ಬಸ್, ಟ್ರಾಮ್, ರೈಲಿನ ಎರಡನೇ ದರ್ಜೆ ಎಲ್ಲವೂ ಎಲ್ಲರಿಗೂ ಉಚಿತ. ಅಲ್ಲಿನವರಿಗೂ, ನೋಡಲು ಬಂದವರಿಗೂ. ನಗರ ನಿಂತಿರುವುದು ಆಳವಾದ ಕಣಿವೆಯ ಮೇಲೆ. ಮೇಲಿನ ಊರಿನಿಂದ ಕೆಳಗಿನ ಊರಿಗೆ ಇಳಿಯಲು ಗಾಜಿನ ದೊಡ್ಡ ಲಿಫ್ಟ್. ಅದೂ ಉಚಿತ. ಕೆಳಗಿನಿಂದ ಇನ್ನೊಂದು ಗುಡ್ಡಕ್ಕೆ ಹತ್ತಲು ಹಳಿಯ ಮೇಲೆ ಓಡುವ ಪುಟ್ಟ ಗಾಡಿ. ಅದೂ ಉಚಿತ. ನಮ್ಮ ಮಕ್ಕಳಿಗೆ ಕೋಟೆ, ಅರಮನೆ ಯಾವುದೂ ಬೇಡವಾಯಿತು. ಲಿಫ್ಟ್‌ನಲ್ಲಿ ಹತ್ತಿ ಇಳಿದದ್ದೇ ಇಳಿದದ್ದು. ನಗರದ ಪಾರ್ಕಿನಲ್ಲಿ ದೊಡ್ಡ ಹಡಗಿನ ಆಕಾರದ ಆಟದ ಜಾಗವೂ ಉಂಟು. ಮಧ್ಯಾಹ್ನ ಅಲ್ಲೇ ಕಳೆಯಿತು.

ಮೂರು ರಾತ್ರಿ: ಪ್ಯಾರಿಸ್, ಆದರೆ ಒಂದೇ ಮೂಲೆ

ಕೊಲೋನ್‌ನಿಂದ ವೇಗದ ರೈಲಿನಲ್ಲಿ ಪ್ಯಾರಿಸ್‌ಗೆ ಮೂರೂವರೆ ಗಂಟೆಯೂ ಬೇಡ. ಟಿಕೆಟನ್ನು ತಿಂಗಳುಗಳ ಮೊದಲೇ ತೆಗೆದುಕೊಂಡರೆ ಕಡಿಮೆ ಬೆಲೆ. ಪ್ಯಾರಿಸ್ ಅಂದರೆ ಎಲ್ಲರಿಗೂ ಐಫೆಲ್ ಟವರ್. ಅದನ್ನು ನೋಡಲು ಹತ್ತಲೇಬೇಕೆಂದಿಲ್ಲ. ಕತ್ತಲಾದ ಮೇಲೆ ಗಂಟೆಗೊಮ್ಮೆ ಐದು ನಿಮಿಷ ಇಡೀ ಗೋಪುರ ಮಿನುಗುತ್ತದೆ. ಆದರೆ ಬೇಸಿಗೆಯಲ್ಲಿ ಇಲ್ಲಿ ಕತ್ತಲಾಗುವಾಗ ರಾತ್ರಿ ಹತ್ತು ಕಳೆಯುತ್ತದೆ. ಅಷ್ಟು ಹೊತ್ತಿಗೆ ಮಕ್ಕಳು ನಿದ್ದೆಯಲ್ಲಿ, ನಾವೂ ಅರ್ಧ ನಿದ್ದೆಯಲ್ಲಿ. ಡಿಸೆಂಬರ್, ಜನವರಿಯಲ್ಲಾದರೆ ಸಂಜೆ ಆರಕ್ಕೇ ಆ ದೀಪ ತೋರಿಸಿ ಏಳಕ್ಕೆ ಕೋಣೆಗೆ ಬರಬಹುದು. ಚಳಿಗಾಲಕ್ಕೂ ಒಂದು ಗುಣ ಉಂಟು!

ನಮಗೆ ಹಿತವಾದದ್ದು ಪ್ಯಾರಿಸ್‌ನ ಐದನೇ ವಾರ್ಡ್. ಅಲ್ಲಿ ಒಂದು ದೊಡ್ಡ ಸಸ್ಯೋದ್ಯಾನ, ಅದರೊಳಗೆ 1794ರಲ್ಲಿ ಶುರುವಾದ ಪ್ರಾಣಿಸಂಗ್ರಹಾಲಯ, ಪಕ್ಕದಲ್ಲೇ ಆನೆ, ಜಿರಾಫೆಗಳ ಮಾದರಿಗಳು ಸಾಲಾಗಿ ಮೆರವಣಿಗೆ ಹೊರಟಂತೆ ನಿಲ್ಲಿಸಿರುವ ಮ್ಯೂಸಿಯಂ. ಅದರ ಎದುರು ರಸ್ತೆ ದಾಟಿದರೆ ಪ್ಯಾರಿಸ್‌ನ ಗ್ರಾಂಡ್ ಮಸೀದಿ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ಗಾಗಿ ಪ್ರಾಣ ಕೊಟ್ಟ ಮುಸ್ಲಿಂ ಸೈನಿಕರ ನೆನಪಿಗೆ ಕಟ್ಟಿ 1926ರಲ್ಲಿ ತೆರೆದದ್ದು. ಮಿನಾರದ ಎತ್ತರ 33 ಮೀಟರ್. ಅದಕ್ಕೆ ತಾಗಿದ ಚಹಾದಂಗಡಿಯಲ್ಲಿ ಪುದೀನ ಹಾಕಿದ ಬಿಸಿ ಚಹಾ ಸಿಗುತ್ತದೆ. ಬೆಳಿಗ್ಗೆ ಪ್ರಾಣಿಗಳು, ಮಧ್ಯಾಹ್ನ ನಮಾಝ್, ಚಹಾ. ಒಂದು ದಿನಕ್ಕೆ ಅಷ್ಟು ಸಾಕು.

ಲೂವ್ರ್ ಮ್ಯೂಸಿಯಂ ನೋಡುವ ಆಸೆಯಿದ್ದರೆ 18 ವರ್ಷದೊಳಗಿನವರಿಗೆ ಪ್ರವೇಶ ಉಚಿತ. ಮಂಗಳವಾರ ಬಾಗಿಲು ತೆರೆಯುವುದಿಲ್ಲ. ಪ್ಯಾರಿಸ್ ಮೆಟ್ರೋದ ಹಳೆಯ ನಿಲ್ದಾಣಗಳಲ್ಲಿ ಹೆಚ್ಚಿನ ಕಡೆ ಲಿಫ್ಟ್ ಇಲ್ಲ, ಮಗುವಿನ ತಳ್ಳುಗಾಡಿಯನ್ನು ಹೊತ್ತುಕೊಂಡೇ ಮೆಟ್ಟಿಲು ಹತ್ತಬೇಕು. ಬಸ್ ಹಿಡಿಯಿರಿ. ನಿಧಾನವಾದರೂ ಊರು ಕಾಣುತ್ತದೆ.

ಉಮ್ಮನಿಗೂ ರಜೆ ಬೇಡವೇ?

ಈ ಬರಹದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಗಂಡನ ವೀಸಾದ ಮೇಲೆ ಇಲ್ಲಿಗೆ ಬರುವ ನಮ್ಮ ಹೆಣ್ಣುಮಕ್ಕಳಿಗೆ ಮೊದಲ ಎರಡು ವರ್ಷ ತುಂಬ ಕಷ್ಟ. ಭಾಷೆ ಬರುವುದಿಲ್ಲ. ಬಾಣಂತನಕ್ಕೆ ಬಂದ ಉಮ್ಮ ಮೂರು ತಿಂಗಳಲ್ಲಿ ವಾಪಸ್. ಡಿಸೆಂಬರಿನಲ್ಲಿ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ನಾಲ್ಕು ಗೋಡೆ, ಒಂದು ಮಗು, ಒಂದು ಫೋನ್. ಹೊರಗೆ ಹೋಗುವ ಒಂದು ದಿನ ಅವಳಿಗೆ ಎಷ್ಟು ಬೇಕೆಂದು ಆಫೀಸಿಗೆ ಹೋಗಿ ಬರುವವರಿಗೆ ಸುಲಭಕ್ಕೆ ಅರ್ಥವಾಗುವುದಿಲ್ಲ.

ಹಾಗೆ ಹೊರಟ ದಿನವೂ ನಾಲ್ಕು ಗಂಟೆಗೆ ಎದ್ದು ಬುತ್ತಿ ಕಟ್ಟುವವಳು, ಚೀಲ ತುಂಬುವವಳು, ರೈಲಿನಲ್ಲಿ ಉಣ್ಣಿಸುವವಳು, ಡಯಾಪರ್ ಬದಲಿಸುವವಳು, ಫೋಟೋ ತೆಗೆಯುವಾಗ ಮಗುವನ್ನು ಹಿಡಿದು ಬದಿಯಲ್ಲಿ ನಿಲ್ಲುವವಳು ಅವಳೇ ಆದರೆ ಅದು ಯಾರ ರಜೆ? ನಮ್ಮಲ್ಲಿ ಈಗ ಒಂದು ನಿಯಮ. ಹಿಂದಿನ ರಾತ್ರಿ ಚೀಲ ತುಂಬುವುದು ಮನೆಯವರ ಕೆಲಸ. ಊಟ ನನ್ನದು, ಅದೂ ಸುಲಭದ್ದೇ, ಚಪಾತಿಯೋ ಮೊಸರನ್ನವೋ. ಯಾವ ಊರಿಗೆ ಹೋದರೂ ದಿನದಲ್ಲಿ ಒಂದು ಗಂಟೆ ಮಕ್ಕಳು ಅವರ ವಶ. ಆ ಗಂಟೆ ನಾನು ನದಿಯ ದಂಡೆಯಲ್ಲಿ ಸುಮ್ಮನೆ ಕೂರುತ್ತೇನೆ, ಇಲ್ಲವೇ ಅಂಗಡಿ ನೋಡುತ್ತೇನೆ. 'ಅದೆಂತ ದೊಡ್ಡ ವಿಷಯ?' ಎನ್ನಬೇಡಿ. ಒಮ್ಮೆ ಮಾಡಿ ನೋಡಿ. ಮನೆಗೆ ವಾಪಸಾಗುವಾಗ ಇಬ್ಬರ ಮುಖದಲ್ಲೂ ನಗು ಉಳಿದಿರುತ್ತದೆ.

ಮಕ್ಕಳ ವಿಷಯದಲ್ಲೂ ಇಂಥದ್ದೇ ಒಂದು ಅಳತೆ. ಬೆಳಿಗ್ಗೆ ಒಂದು ಜಾಗ, ಮಧ್ಯಾಹ್ನ ನಿದ್ದೆ, ಸಂಜೆ ಒಂದು ಪಾರ್ಕ್. ಮೂರನೆಯದನ್ನು ಸೇರಿಸಿದರೆ ಅಳು ಶುರು.

ಊಟ, ಔಷಧಿ, ಕಾಗದಪತ್ರ

ಊಟಕ್ಕೆ ಜರ್ಮನಿ, ಫ್ರಾನ್ಸ್‌ನ ದೊಡ್ಡ ಊರುಗಳಲ್ಲಿ ತೊಂದರೆಯಿಲ್ಲ. ತುರ್ಕಿಯವರ ಮಸೀದಿ ಎಲ್ಲಿದೆ ಎಂದು ನೋಡಿಕೊಳ್ಳಿ, ಸುತ್ತಮುತ್ತ ಹಲಾಲ್ ಹೊಟೇಲ್, ಬೇಕರಿ ಸಿಗುವುದು ಹೆಚ್ಚು. ಎಚ್ಚರ ಬೇಕಾದದ್ದು ಮಕ್ಕಳ ಮಿಠಾಯಿಯಲ್ಲಿ. ರಬ್ಬರಿನ ಹಾಗಿರುವ ಬಣ್ಣದ ಮಿಠಾಯಿಗಳಲ್ಲಿ ಹಂದಿಯ ಜಿಲಾಟಿನ್ ಇರುವುದು ಸಾಮಾನ್ಯ. ಬ್ಯಾಂಕಿನಲ್ಲಿ, ಔಷಧಿ ಅಂಗಡಿಯಲ್ಲಿ ಪ್ರೀತಿಯಿಂದಲೇ ಮಕ್ಕಳ ಕೈಗೆ ಕೊಟ್ಟುಬಿಡುತ್ತಾರೆ. ನಮ್ಮ ಚೀಲದಲ್ಲಿ ತುರ್ಕಿ ಅಂಗಡಿಯ ಹಲಾಲ್ ಪ್ಯಾಕೆಟ್ ಒಂದು ಯಾವಾಗಲೂ ಇರುತ್ತದೆ. ಬದಲಿಗೆ ಕೊಡಲು ಏನಾದರೂ ಇದ್ದರೆ ಮಗುವಿಗೆ 'ಬೇಡ' ಎನ್ನುವುದು ಸುಲಭ.

ಜರ್ಮನಿಯಲ್ಲಿ ಆದಿತ್ಯವಾರ ಅಂಗಡಿಗಳು ಬಂದ್. ಹಾಲು, ಡಯಾಪರ್ ಶನಿವಾರವೇ ತೆಗೆದಿಡಿ. ಮರೆತರೆ ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಯೇ ಗತಿ. ಜ್ವರದ ಔಷಧಿ, ಥರ್ಮಾಮೀಟರ್ ಕೈಯಲ್ಲೇ ಇರಲಿ. ತುರ್ತಿಗೆ ಯುರೋಪಿಯನ್ ಒಕ್ಕೂಟದ ಎಲ್ಲಾ ದೇಶಗಳಲ್ಲೂ 112ಕ್ಕೆ ಕರೆ ಮಾಡಬಹುದು.

ಒಂದು ಷೆಂಗೆನ್ ದೇಶದ ವಾಸದ ಪರವಾನಗಿ ಇದ್ದರೆ ಉಳಿದ ಷೆಂಗೆನ್ ದೇಶಗಳಿಗೆ ಬೇರೆ ವೀಸಾ ಬೇಡ. ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನ ಹೋಗಿ ಬರಬಹುದು. ಆದರೆ ಅರ್ಧ ಗಂಟೆಯ ಪ್ರಯಾಣವಾದರೂ ನಾಲ್ವರ ಪಾಸ್‌ಪೋರ್ಟ್, ಪರವಾನಗಿ ಕಾರ್ಡ್ ಚೀಲದಲ್ಲಿರಬೇಕು. 2024ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ತನ್ನ ಎಲ್ಲಾ ಭೂಗಡಿಗಳಲ್ಲಿ ತಪಾಸಣೆ ಶುರು ಮಾಡಿತು. ಮಕ್ಕಳ ಭಾರತೀಯ ಪಾಸ್‌ಪೋರ್ಟ್‌ಗೆ ಐದೇ ವರ್ಷದ ಅವಧಿ, ತಾರೀಕು ನೋಡಿಟ್ಟುಕೊಳ್ಳಿ.

ಗಲ್ಫ್‌ನಿಂದ ಅಥವಾ ಊರಿನಿಂದ ನೋಡಲು ಬರುವವರಿಗೆ ವೀಸಾ ಬೇಕು. ತಾವು ಕಾನೂನುಬದ್ಧವಾಗಿ ವಾಸವಿರುವ ದೇಶದಿಂದಲೇ ಅರ್ಜಿ ಹಾಕಬೇಕು, ಹೆಚ್ಚು ದಿನ ಇರುವ ದೇಶದ ಕಚೇರಿಗೆ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಹಾಕಬಹುದು. 2024ರ ಜೂನ್‌ನಿಂದ ದೊಡ್ಡವರಿಗೆ 90 ಯುರೋ, 6ರಿಂದ 12 ವರ್ಷದೊಳಗಿನವರಿಗೆ 45, ಆರು ವರ್ಷದೊಳಗಿನವರಿಗೆ ಶುಲ್ಕವಿಲ್ಲ. 30,000 ಯುರೋ ಮೊತ್ತದ ಪ್ರಯಾಣ ಆರೋಗ್ಯ ವಿಮೆ ಕಡ್ಡಾಯ. ಊರಿನ ಕೋಳಿ ಸುಕ್ಕ, ತುಪ್ಪ ತರಬೇಕೆಂದು ಉಮ್ಮಂದಿರು ಆಸೆಪಡುತ್ತಾರೆ. ಆದರೆ ಯುರೋಪಿಯನ್ ಒಕ್ಕೂಟದೊಳಗೆ ಹೊರಗಿನ ಮಾಂಸ, ಹಾಲಿನ ಪದಾರ್ಥ ತರುವಂತಿಲ್ಲ. ಉಪ್ಪಿನಕಾಯಿ, ಕುಚ್ಚಲಕ್ಕಿ ತನ್ನಿ, ನಮಗೆ ಅದೇ ಹಬ್ಬ.

'ಮಕ್ಕಳಿಗೆ ನೆನಪಿರ್ತದಾ' ಎಂದು ಕೇಳುವ ಹಿರಿಯರಿಗೆ ನಾನು ವಾದ ಮಾಡುವುದಿಲ್ಲ. ಚಿಕ್ಕವನಿಗೆ ಖಂಡಿತ ನೆನಪಿರಲಾರದು. ಆದರೆ ಅಪ್ಪನ ಹೆಗಲ ಮೇಲೆ ಕೂತು ಇಡೀ ದಿನ ಕಳೆಯುವ ವಯಸ್ಸು ಅವನಿಗೂ ಮತ್ತೆ ಬರುವುದಿಲ್ಲ, ಅವನ ಅಪ್ಪನಿಗೂ ಬರುವುದಿಲ್ಲ. ವಾರವಿಡೀ ಮಕ್ಕಳು ಮಲಗಿದ ಮೇಲೆ ಮನೆಗೆ ಬರುವ ಅಪ್ಪಂದಿರು ನಮ್ಮಲ್ಲಿ ಎಷ್ಟಿಲ್ಲ? ಗಲ್ಫ್‌ನಲ್ಲಿ ದುಡಿದ ನಮ್ಮ ಹಿಂದಿನ ತಲೆಮಾರಿನವರು ಎರಡು ವರ್ಷಕ್ಕೊಮ್ಮೆ ಬಂದು ಮಕ್ಕಳ ಎತ್ತರ ನೋಡಿ ಬೆರಗಾಗುತ್ತಿದ್ದರು. ಅವರಿಗೆ ಸಿಗದ ಅವಕಾಶ ನಮಗೆ ಸಿಕ್ಕಿದೆ. ಸಂಸಾರ ಜೊತೆಗೇ ಇದೆ, ಶನಿವಾರ ಬಿಡುವಿದೆ, ಆರು ವರ್ಷದವರೆಗೆ ಮಗುವಿಗೆ ರೈಲು ಟಿಕೆಟೂ ಇಲ್ಲ. ಮುಂದಿನ ಶನಿವಾರ ಮಳೆಯಿಲ್ಲದಿದ್ದರೆ ಬುತ್ತಿ ಕಟ್ಟಿ. ದೂರ ಬೇಡ, ಒಂದು ಗಂಟೆಯ ದಾರಿ ಸಾಕು.